ಬೋನಸ್ ಕವಚ

ಮೂರಕ್ಕೆ ಆಟ, ಐದಕ್ಕೆ ಟ್ಯಾಕ್ಸಿ, ಆಮೇಲೆ ಆಸ್ಪತ್ರೆ. ಮರುದಿನ ಬೆಳಿಗ್ಗೆ ಶಸ್ತ್ರಚಿಕಿತ್ಸೆ. ಶಾಮಲಾ ಹಾಕಿದ್ದ ಕ್ರಮ ಇದು. ಅವಳ ಒಂದು ಮೂತ್ರಪಿಂಡವನ್ನು ತಮ್ಮ ಸೀನನಿಗೆ ಕಸಿ ಮಾಡುವುದಿತ್ತು.

ಟ್ಯಾಕ್ಸಿಯ ಹೊತ್ತು ಹತ್ತಿರವಾದರೂ ಟಿವಿಯಲ್ಲಿ ಕೊನೆಯ ರಾಕ್ಷಸ ಸತ್ತಿರಲಿಲ್ಲ. ಡಯಾಲಿಸಿಸ್ ಇಲ್ಲದ ದಿನಗಳನ್ನೆಲ್ಲ ಅಕ್ಕ-ತಮ್ಮ ಮುಂಬೈಯ ಚೆಂಬೂರಿನ ಆ ಕೋಣೆಯಲ್ಲಿ ಈ ಒಂದೇ ವಿಡಿಯೋ ಗೇಮ್‌ನ ಮುಂದೆ ಕಳೆದಿದ್ದರು. ಆಟದಲ್ಲಿ ಕತ್ತಿ ಹಿಡಿದವನು ಸೀನ. ಗಾಯ ಮಾಯಿಸುವ ದೀಪ ಹಿಡಿದವಳು ಶಾಮಲಾ. ದಾದರ್‌ನಲ್ಲಿ ಕೊಂಡ ಆಟದ ಕ್ಯಾಸೆಟ್ಟಿನ ಅಕ್ಷರಗಳೆಲ್ಲ ಜಪಾನಿ. ಚಿತ್ರ ನೋಡಿಯೇ ಅರ್ಥ ಊಹಿಸಬೇಕು. ಹೋರಾಟದ ಲೆಕ್ಕಾಚಾರ ಅಕ್ಕನದು, ಸಿಕ್ಕಿದ್ದನ್ನು ಇಡುವ, ತೊಡಿಸುವ ಚೀಲದ ಉಸ್ತುವಾರಿ ತಮ್ಮನದು.

ದೀಪದವಳು ಒಮ್ಮೆಯೂ ಬಿದ್ದವಳಲ್ಲ. ಕತ್ತಿಯವನು ಪ್ರತಿ ಕೋಟೆಯಲ್ಲೂ ಬಿದ್ದು ಎದ್ದವನು. ಯೋಚಿಸಿ ಆಡಿದರೆ ಯಾರೂ ಬೀಳುವುದಿಲ್ಲವೆಂದು ಬಿ.ಎಸ್ಸಿ. ಮುಗಿಸಿದ ಶಾಮಲಾ ಪಾಠ ಹೇಳಿದಾಗಲೆಲ್ಲ ಸೀನ ನಗುತ್ತಿದ್ದ.

ಮೊದಲ ಕೋಟೆ ಗೆದ್ದಾಗ ಬೋನಸ್ಸಾಗಿ ಚಿನ್ನದ ಕವಚವೊಂದು ಸಿಕ್ಕಿತ್ತು. ತೊಟ್ಟದ್ದು ಪರದೆಯ ಮೇಲೆ ಕಾಣುವುದಿಲ್ಲ. ಆದರೂ ಅವನು ಅದನ್ನು ತೊಟ್ಟಿಲ್ಲವೆಂಬುದು ಅವನು ಬೀಳುವ ಪರಿಯಿಂದಲೇ ಗೊತ್ತಾಗುತ್ತಿತ್ತು.

“ಅಮ್ಮನ ಹೊಸ ಕುಕ್ಕರ್ ಥರ ಅದನ್ನೂ ಅಟ್ಟದ ಮೇಲೆ ಇಟ್ಕೊಂಡಿರು” ಎಂದು ಅವಳು ಚುಚ್ಚಿದ್ದಳು.

“ಎಲ್ಲಿರಬೇಕೋ ಅಲ್ಲೇ ಇದೆ, ಅಕ್ಕ. ಟೆನ್ಶನ್ ಮತ್ ಲೇ, ಚಿಂತೆ ಬಿಡು.”

ಈ ರಾಕ್ಷಸ ಸತ್ತರೆ ನಾಳೆ ಇಬ್ಬರೂ ಕ್ಷೇಮವಾಗಿ ಎದ್ದು ಬರುತ್ತೇವೆಂದು ಬೆಳಿಗ್ಗೆ ಅವನು ಹೇಳಿದ್ದ. ಶಾಮಲಾ ಶಕುನ ನಂಬುವವಳಲ್ಲ. ಆದರೂ ಪ್ರತಿ ಏಟಿಗೂ ರಾಕ್ಷಸನಲ್ಲಿ ಉಳಿದ ಜೀವವನ್ನು ಎಣಿಸುತ್ತಿದ್ದಳು.

ರಾಕ್ಷಸನ ಮತ್ತೊಂದು ಏಟು. ದೀಪದ ಎಣ್ಣೆ ತೀರಿತು. ಇನ್ನು ಗಾಯ ಮಾಯಿಸುವಂತಿಲ್ಲ. ಕತ್ತಿಯವನಲ್ಲಿ ಉಳಿದದ್ದು ಒಂದು ಗುಟುಕು ಜೀವ.

“ಈಗಲಾದ್ರೂ ಕವಚ ಹಾಕ್ಕೊಳ್ಳೋ, ಸೀನ. ಇನ್ಯಾವಾಗ?”

ಅವಳು ತಿರುಗಿ ನೋಡಿದಳು. ಊದಿದ ಮುಖವನ್ನು ಗೋಡೆಗೆ ಆನಿಸಿ ಅವನು ನಿದ್ದೆ ಹೋಗಿದ್ದ. ಕೆಳಗೆ ಟ್ಯಾಕ್ಸಿಯ ಹಾರ್ನ್ ಕೇಳಿಸಿತು. ಅಮ್ಮ ಬಾಗಿಲಿಗೆ ಬಂದು ಹೊರಡಲು ಹೇಳಿದರು.

ಈ ಆಟದಲ್ಲಿ ಆಜ್ಞೆ ಕೊಡುವವರೆಗೆ ರಾಕ್ಷಸ ಕಾಯುತ್ತಾನೆ. ಅವಳು ತಮ್ಮನ ಬೆರಳುಗಳನ್ನು ಮೆಲ್ಲಗೆ ಬಿಡಿಸಿ ಕಂಟ್ರೋಲರ್ ತೆಗೆದುಕೊಂಡು, ಮೊದಲ ಬಾರಿಗೆ ಚೀಲ ತೆರೆದಳು. ಬೀಗದ ಕೈ, ಹಗ್ಗ, ಒಣಗಿದ ಬೇರು. ಕವಚವಿಲ್ಲ. ಕತ್ತಿಯವನ ಪುಟ ತೆರೆದಳು. ಹರಿದ ಚರ್ಮದಂಗಿ, ಅಷ್ಟೇ.

ಮುಂದಿನ ಪುಟಕ್ಕೆ ಹೋದಳು. ಚಿನ್ನದ ಕವಚ ದೀಪದವಳ ಮೈಮೇಲಿತ್ತು.