ಗಿಳಿಯ ಬಾಲ

ಮನೆಗೆ ಬಣ್ಣ ಹಚ್ಚುವವರು ಟರ್ಪೆಂಟೈನ್ ಡಬ್ಬಿ ತೆರೆದರೆ ನನಗೆ ಇವತ್ತಿಗೂ ಕಲಘಟಗಿಯ ನಮ್ಮ ಪಡಸಾಲೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪ ತೊಟ್ಟಿಲುಗಳಿಗೆ ಚಿತ್ರ ಬರೆಯುತ್ತಿದ್ದ. ಅವನ ಎದೆಯೊಳಗಿನ ಕ್ಯಾನ್ಸರ್ ಗಡ್ಡೆಯನ್ನು ಹುಬ್ಬಳ್ಳಿಯಲ್ಲಿ ತೆಗೆದಿದ್ದರು. ಆದರೆ ಆ ರೋಗ ಮಿದುಳಿಗೆ ಮಾಡಿದ ಹಾನಿ ಹಾಗೇ ಉಳಿದಿತ್ತು. ಯಾವ ಗುಳಿಗೆಗೂ ಕೈಯ ನಡುಕ ನಿಲ್ಲಲಿಲ್ಲ, ತೂರಾಡುವ ಕಾಲು ನೆಟ್ಟಗಾಗಲಿಲ್ಲ. ಇದು ಇನ್ನು ವಾಸಿಯಾಗುವುದಿಲ್ಲ ಎಂದು ಡಾಕ್ಟರು ಕಾಕಾನಿಗೆ ಹೇಳಿದ್ದರು. ಕಾಕಾ ಅದನ್ನು ಅಪ್ಪನಿಗೆ ಹೇಳಿರಲಿಲ್ಲ.

ಅಂದು ಅಪ್ಪ ಎಡಗೈಯಿಂದ ಬಲಗೈ ಮಣಿಕಟ್ಟನ್ನು ಒತ್ತಿ ಹಿಡಿದು ತೊಟ್ಟಿಲ ಹಲಗೆಯ ಮೇಲೆ ಒಂದು ಗಿಳಿ ಬರೆದ. ಅದರ ಬಾಲ ಅಂಕುಡೊಂಕಾಗಿತ್ತು.

"ಅಗದಿ ಛಲೋ ಆಗೈತಿ ಅಣ್ಣಾ. ಕೈ ನಿಲ್ಲಾಕ ಹತ್ತೈತಿ ನೋಡು," ಎಂದ ಕಾಕಾ.

"ಹಂಗಾರ ಗುಳಗಿ ನಾಟಿದ್ವು ಬಿಡು," ಎಂದು ಅಪ್ಪ ನಕ್ಕ.

ಅವನು ಒಳಗೆ ಹೋಗಿ ಮಲಗಿದ ಮೇಲೆ ಕಾಕಾ ಟರ್ಪೆಂಟೈನ್‌ನಲ್ಲಿ ಅರಿವೆ ಅದ್ದಿ ಆ ಗಿಳಿಯನ್ನು ಒರೆಸಿದ. ಅದೇ ಜಾಗದಲ್ಲಿ ತಾನೊಂದು ಬರೆದ. "ಬಾಯಿ ಬಿಟ್ಟಿ ಅಂದ್ರ ನೋಡವ್ವಾ," ಎಂದು ನನ್ನನ್ನು ಗದರಿಸಿದ. ಹಸಿರಾದ ಅರಿವೆಯನ್ನು ಅವ್ವನೇ ಒಯ್ದು ಒಲೆಗೆ ಹಾಕಿದಳು.

ಅಪ್ಪ ಎದ್ದು ಗೋಡೆ ಹಿಡಿದುಕೊಂಡು ಬಂದ. ಗಿಳಿಯ ಮುಂದೆ ಬಹಳ ಹೊತ್ತು ಕೂತ.

"ಭಾಳ ನೆಟ್ಟಗೈತಲೇ ಇದರ ಬಾಲ," ಎಂದ.

ಕಾಕಾ ಟರ್ಪೆಂಟೈನ್ ಡಬ್ಬಿಯ ಮುಚ್ಚಳ ಬಿಗಿ ಮಾಡತೊಡಗಿದ. ಅಪ್ಪ ಅವ್ವನ ಕಡೆ ನೋಡಿದ. ಅವಳು ನೆಲ ನೋಡಿದಳು.

ಅಪ್ಪ ಕುಂಚವನ್ನು ಎತ್ತಿ ಕಾಕಾನ ಮುಂದೆ ಹಿಡಿದ. ಅದು ಗಾಳಿಯಲ್ಲಿ ನಡುಗುತ್ತಿತ್ತು.

"ತಮ್ಮಾ, ಒರಸೂದಿದ್ರ ಇನ್ನ ನನ್ನ ಎದುರಿಗೇ ಒರಸು."