ಸವೆದ ಹಲ್ಲು

ಮೂರನೆಯ ಪುಟಕ್ಕೆ ಬರುವಷ್ಟರಲ್ಲಿ ಪಳೆಯುಳಿಕೆ ವಿಭಾಗದ ಮುಖ್ಯಸ್ಥೆಗೆ ಸಾಕಾಯಿತು. ಹಳೆಯ ಪ್ರಬಂಧವನ್ನು ಮೇಜಿನ ಮೇಲೆ ಬಿಸಾಡಿದಳು.

“ಒಂದೇ ಒಂದು ಹಲ್ಲು ಇಟ್ಕೊಂಡು ಹೊಸ ಪ್ರಭೇದವಂತೆ! ಅದಕ್ಕೊಂದು ಹೆಸರು, ಮೇಲೊಂದು ಸನ್ಮಾನ. ಥೂ!”

ಸಂಗ್ರಹಾಲಯದ ನಿರ್ದೇಶಕರು ಮೆಲ್ಲಗೆ ಬಾಗಿಲು ಮುಚ್ಚಿದರು.

ಮೇಜಿನ ಮೇಲೆ ಎರಡು ತಟ್ಟೆಗಳಿದ್ದವು. ಒಂದರಲ್ಲಿ ಮೂವತ್ತು ವರ್ಷಗಳ ಹಿಂದೆ ಕಲ್ಲುಗಣಿಯಲ್ಲಿ ಸಿಕ್ಕಿದ್ದ ಮುಳ್ಳುಹಂದಿಯ ಹಲ್ಲು, ಕಲ್ಲಾಗಿ ಹೋದದ್ದು. ಮೇಲ್ಭಾಗದಲ್ಲಿ ಪುಟ್ಟ ಪುಟ್ಟ ಉಂಗುರಗಳು. ಇಂಥ ಉಂಗುರ ಬೇರಾವ ಮುಳ್ಳುಹಂದಿಗೂ ಇಲ್ಲ, ಆದ್ದರಿಂದ ಇದು ಹೊಸ ಪ್ರಭೇದ ಎಂದು ಪ್ರಬಂಧ ಸಾರಿತ್ತು. ಇನ್ನೊಂದರಲ್ಲಿ ಅದೇ ಗಣಿಯಿಂದ ಕಳೆದ ವಾರ ಬಂದ ದವಡೆಯ ತುಂಡು. ಅದರ ಹಿಂದಿನ ಹಲ್ಲು ಆಗಷ್ಟೇ ಮೂಡಿದ್ದು. ಅದರ ಮೇಲ್ಮೈಯ ಮಡಿಕೆಗಳು ಎಲ್ಲರಿಗೂ ಗೊತ್ತಿದ್ದ ಹಳೆಯ ಪ್ರಭೇದದವೇ. ಮುಂದಿನ ಹಲ್ಲು ಅಗಿದಗಿದು ಸವೆದಿತ್ತು. ಸವೆದಲ್ಲಿ ಮಡಿಕೆಗಳು ಉಂಗುರಗಳಾಗಿದ್ದವು.

ಹೊಸ ಪ್ರಭೇದ ಇರಲೇ ಇಲ್ಲ. ಇದ್ದದ್ದು ಒಂದು ಮುದಿ ಮುಳ್ಳುಹಂದಿ.

“ಬಿಟ್ಬಿಡಿ ಮೇಡಂ,” ಎಂದರು ನಿರ್ದೇಶಕರು. “ಪಠ್ಯಪುಸ್ತಕಕ್ಕೂ ಹೋಗಿದೆ. ಬರೆದವರ ಮಾನ ಯಾಕೆ ಹರಾಜು ಹಾಕ್ತೀರಿ?”

“ಮಾನ ಇದ್ರೆ ತಾನೇ ಹರಾಜು!”

“ಆಗಿನ್ನೂ ಚಿಕ್ಕ ವಯಸ್ಸು. ಗೊತ್ತಾಗಿರಲಿಕ್ಕಿಲ್ಲ.”

“ಚೆನ್ನಾಗಿ ಗೊತ್ತಿತ್ತು.” ಪುಟದಡಿಯ ಟಿಪ್ಪಣಿಯನ್ನು ಆಕೆ ನೋಡದೆಯೇ ಒಪ್ಪಿಸಿದಳು: “‘ಇದು ಮುದಿ ಪ್ರಾಣಿಯ ಹಲ್ಲೆಂದು ಮೂಳೆ ತೊಳೆಯುವ ನೌಕರನೊಬ್ಬನ ಅಭಿಪ್ರಾಯ. ಪದವಿಯಿಲ್ಲದವನ ಮಾತು ಪರಿಗಣನೆಗೆ ಅರ್ಹವಲ್ಲ.’ ನಿಜ ಹೇಳಿದವರನ್ನ ಉಗ್ರಾಣಕ್ಕೆ ತಳ್ಳಿ, ತಾವು ಮಾಲೆ ಹಾಕಿಸ್ಕೊಂಡಿದ್ದು. ಹೇಸಿಗೆ ಆಗುತ್ತೆ ಸರ್.”

“ಮುಂದಿನ ತಿಂಗಳು ಪ್ರಶಸ್ತಿ ಬೇರೆ ಇದೆ...”

“ಅದಕ್ಕೇ ಈಗಲೇ ಬರೀತಿರೋದು.”

ಮಧ್ಯಾಹ್ನದೊಳಗೆ ಎರಡು ಪುಟದ ಖಂಡನೆ ಸಿದ್ಧವಾಯಿತು. ಅದನ್ನೂ ದವಡೆಯನ್ನೂ ಹಿಡಿದು ಆಕೆ ನೆಲಮಾಳಿಗೆಯ ಉಗ್ರಾಣಕ್ಕೆ ಇಳಿದಳು. ಹಿಂದೆ ಮೂಳೆ ತೊಳೆಯುತ್ತಿದ್ದ ಮುದುಕರು ಅಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುತ್ತಿದ್ದರು. ಅಂಟು ಮೆತ್ತಿದ ಬೆರಳನ್ನು ಅಂಗಿಗೆ ಒರೆಸಿಕೊಂಡು ದವಡೆಯನ್ನು ಬೆಳಕಿಗೆ ಹಿಡಿದರು.

“ಸವೆದಿದೆ,” ಎಂದರು. ಅಷ್ಟೇ.

“ಹೌದು. ಮೊದಲು ಕಂಡುಹಿಡಿದವರು ನೀವು ಅಂತ ಬರೆದಿದ್ದೀನಿ. ಲೇಖಕರಲ್ಲಿ ನಿಮ್ಮ ಹೆಸರೇ ಮೊದಲು.” ಆಕೆ ಪೆನ್ನು ಚಾಚಿದಳು. “ಇಲ್ಲಿ ಸಹಿ ಹಾಕಿ, ಯಜಮಾನ್ರೇ. ಇವತ್ತೇ ಕಳಿಸ್ಬೇಕು.”

ಅವರು ಪೆನ್ನು ತೆಗೆದುಕೊಳ್ಳಲಿಲ್ಲ. ಕನ್ನಡಕ ಹುಡುಕಿ, ಹಾಳೆಯನ್ನು ಹತ್ತಿರಕ್ಕೆಳೆದುಕೊಂಡರು.

“ಓದ್ತೀನಿ, ತಾಳಿ. ಆ ಹಳೇ ಪ್ರಬಂಧ ಬರೆದಾಗ್ಲೂ ನೀವು ಹೀಗೇ ಆತುರ ಮಾಡಿದ್ರಿ, ಮೇಡಂ.”