ಮುಟ್ಟಿದರೆ ಮುನಿ

"ಕೈ ತೆಗಿ!"

ಆಕ್ಸಿಜನ್ ಮಾಸ್ಕಿನೊಳಗಿಂದ ಬಂದ ಮಾತಾದರೂ ಸ್ಪಷ್ಟವಾಗಿತ್ತು. ಸೂಜಿ ಚುಚ್ಚಲು ಅತ್ತೆಯ ಮುಂಗೈ ಹಿಡಿದಿದ್ದ ಸೊಸೆ ಹಿಂದೆ ಸರಿದಳು. ಉಸಿರಿಗೆ ಒದ್ದಾಡುತ್ತಿದ್ದ ಹೆಂಗಸಿಗೆ ಕೈ ಕೊಸರಿಕೊಳ್ಳುವ ಕಸುವು ಎಲ್ಲಿಂದ ಬಂತೋ.

"ಬೇರೆ ಯಾರಾದ್ರೂ ಹಾಕಲಿ. ನೀನು ಬೇಡ."

ಹಿರಿಯ ನರ್ಸು ಬಂದು ಟ್ರೇ ಇಸಿದುಕೊಂಡಳು. "ಇವರೇನಾ ನಿನ್ನ ಮುಟ್ಟಿದರೆ ಮುನಿ?" ಎಂದು ಕಿವಿಯಲ್ಲಿ ಪಿಸುಗುಟ್ಟಿದಳು. ಸೊಸೆ ನಗಲಿಲ್ಲ. ಆ ಅಡ್ಡಹೆಸರು ಇಟ್ಟವಳು ಅವಳೇ. ಊಟದ ಬಿಡುವಿನಲ್ಲಿ ಹೇಳಿ ಹೇಳಿ, ಅತ್ತೆಯ ಕಥೆ ಇಡೀ ವಾರ್ಡಿಗೇ ಬಾಯಿಪಾಠವಾಗಿತ್ತು.

ಎಚ್‌ಐವಿ ಇರುವವರಿಗೆಂದೇ ಇದ್ದ ಐಸಿಯು ಅದು. ಮನೆಯವರು ಬಾಗಿಲಲ್ಲೇ ನಿಂತು ಹೋಗುವ ರೋಗಿಗಳ ಮೈ ಒರೆಸಿ, ತಲೆ ಬಾಚಿ, ಕೊನೆಗೆ ಕಣ್ಣೂ ಮುಚ್ಚಿದ ನರ್ಸು ಅವಳು. ಆ ಕೈಯನ್ನು ದೂರ ಇಟ್ಟವರು ಅತ್ತೆ ಒಬ್ಬರೇ.

ಮದುವೆಯಾಗಿ ಬಂದ ದಿನವೇ ಅಡುಗೆಮನೆಯ ಕಿಟಕಿ ತೋರಿಸಿದ್ದರು. "ನನ್ನ ತಟ್ಟೆ, ಲೋಟ ಇಲ್ಲಿರುತ್ತೆ. ನೀನು ಮುಟ್ಟಬೇಡ, ನಾನೇ ತೊಳ್ಕೊಳ್ತೀನಿ." ಆಸ್ಪತ್ರೆಯ ಕೈ ಎಂದರೆ ಅಸಹ್ಯ, ಅಷ್ಟೇ ಎಂದುಕೊಂಡಳು ಸೊಸೆ. ಆಗ ಅವಳಿದ್ದದ್ದು ಬೇರೊಂದು ಆಸ್ಪತ್ರೆಯಲ್ಲಿ. ಎರಡು ವರ್ಷದ ಹಿಂದೆ ಇಲ್ಲಿ ಕೆಲಸ ಸಿಕ್ಕಾಗಲಂತೂ ಅತ್ತೆ ಊಟ ಬಿಟ್ಟು ಕೂತರು. "ಎಲ್ಲಾದ್ರೂ ಸೇರ್ಕೋ, ಕೈ ಮುಗೀತೀನಿ. ಅಲ್ಲಿ ಮಾತ್ರ ಬೇಡ."

"ಅತ್ತೆ, ತಟ್ಟೆ ಲೋಟದಿಂದೆಲ್ಲ ಅದು ಬರಲ್ಲ. ಮುಟ್ಟಿದ್ರೂ ಬರಲ್ಲ."

"ಓದಿರೋಳು, ನೀನು ಹೇಳೋದೇ ಸರಿ ಇರಬಹುದು. ಆದ್ರೂ ಮನಸ್ಸು ಕೇಳಬೇಕಲ್ಲ."

ಮೊಮ್ಮಗಳಿಗೆ ಒಂದು ಮುತ್ತು ಕೊಟ್ಟವರಲ್ಲ. ದೂರ ಕೂತು ಕಥೆ ಹೇಳುವರು. ಮಗು ಮಡಿಲಿಗೆ ಬಂದರೆ ಎದ್ದೇಬಿಡುವರು. ತನ್ನ ಹೊಟ್ಟೆಯಲ್ಲಿ ಹುಟ್ಟಿದ್ದಕ್ಕೆ ಕೂಸಿಗೂ ಈ ಶಿಕ್ಷೆಯೇ ಎಂದು ಸೊಸೆಗೆ ಸಂಕಟವಾಗುತ್ತಿತ್ತು.

ಒಮ್ಮೆ ತರಕಾರಿ ಹೆಚ್ಚುವಾಗ ಅತ್ತೆಯ ಬೆರಳು ಕುಯ್ದುಹೋಯಿತು. ಸೊಸೆ ಹತ್ತಿ ಹಿಡಿದು ಓಡಿದರೆ, ಅವರು ಬಚ್ಚಲಿಗೆ ನುಗ್ಗಿ ಅಗುಳಿ ಹಾಕಿಕೊಂಡರು. ಮರುದಿನ ಅವಳು ಬೇಕೆಂದೇ ಗ್ಲೌಸ್ ಹಾಕಿಕೊಂಡು ಊಟಕ್ಕೆ ಬಡಿಸಿದಳು. ಅತ್ತೆಯ ಮನಸ್ಸಿಗೆ ಚುಚ್ಚಲಿ ಎಂದಿತ್ತು. ಅತ್ತೆಯ ಮುಖ ಅರಳಿತು.

"ಇದೇ ವಾಸಿ. ದಿನಾ ಹಾಕ್ಕೋ."

ಅವತ್ತು ಅವಳೊಳಗೆ ಏನೋ ಕಡಿದುಹೋಯಿತು. ಆಮೇಲೆ ಅತ್ತೆ ಎಂದು ಬಾಯಿತುಂಬ ಕರೆದದ್ದಿಲ್ಲ. ಈಚೆಗೆ ಅವರು ಸೊರಗಿದರು, ಕೆಮ್ಮಿದರು. "ನಮ್ಮ ಆಸ್ಪತ್ರೆಗೆ ಬನ್ನಿ" ಎಂದು ಒಂದು ಸಲ ಕರೆದಳು. "ಅಲ್ಲಿಗಾ? ಸತ್ರೂ ಬರಲ್ಲ" ಎಂದರು. ಅವಳು ಮತ್ತೆ ಕೇಳಲಿಲ್ಲ. ಇವತ್ತು ಬೆಳಿಗ್ಗೆ ಅವರು ಕುಸಿದುಬಿದ್ದಾಗ, ಮಗ ಎತ್ತಿಕೊಂಡು ಬಂದದ್ದು ಈ ಆಸ್ಪತ್ರೆಗೇ. ಡಾಕ್ಟರು ನೋಡಿದವರೇ ಈ ಐಸಿಯುಗೆ ಸೇರಿಸಿಕೊಂಡರು.

"ಮೇಡಂ," ಎಂದು ಅವಳು ಡಾಕ್ಟರ ಹಿಂದೆ ಹೋದಳು. "ಮೇಲಿನ ಐಸಿಯುನಲ್ಲಿ ಮಂಚ ಖಾಲಿ ಇದೆ. ಅಲ್ಲಿಗೆ ಕಳಿಸ್ಬಿಡಿ. ಇವರಿಗೆ ಈ ವಾರ್ಡು ಅಂದ್ರೇನೇ ಆಗಲ್ಲ. ಈಗಲಾದ್ರೂ ನೆಮ್ಮದಿಯಾಗಿರಲಿ."

ಡಾಕ್ಟರು ಅವಳ ಮುಖ ನೋಡಲಿಲ್ಲ. "ಇಲ್ಲೇ ಇರಲಿ."

ಜೊತೆಯವಳ ಮನೆಯವರೆಂಬ ದಾಕ್ಷಿಣ್ಯ ಇರಬೇಕು.

ಮಧ್ಯಾಹ್ನದ ಹೊತ್ತಿಗೆ ಮಾಸ್ಕು ಸಾಲದಾಯಿತು. ಗಂಟಲಿಗೆ ನಳಿಕೆ ಇಳಿಸಿ ವೆಂಟಿಲೇಟರಿಗೆ ಹಾಕಬೇಕು. ಹಾಕಿದರೆ ಮಾತು ನಿಲ್ಲುತ್ತದೆ. ಮತ್ತೆ ಬಂದೀತೆಂಬ ಭರವಸೆ ಇಲ್ಲ. ಡಾಕ್ಟರು ಅತ್ತೆಯ ಕಿವಿಯ ಹತ್ತಿರ ಬಗ್ಗಿ ಏನೋ ಕೇಳಿದರು. ಅತ್ತೆ ಸೊಸೆಯನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ತಲೆಯಾಡಿಸಿದರು. ನಳಿಕೆಗೆ ಒಪ್ಪಿದರು ಎಂದುಕೊಂಡಳು ಅವಳು.

"ಮಗಳೇ." ಹಾಗೆ ಎಂದೂ ಕರೆದವರಲ್ಲ. "ಕಿಟಕಿ ಮೇಲಿನ ನನ್ನ ತಟ್ಟೆ, ಲೋಟ... ಯಾರೂ ಮುಟ್ಟೋದು ಬೇಡ. ಬಿಸಾಕ್ಬಿಡು."

ಈ ಹೊತ್ತಿನಲ್ಲೂ ತಟ್ಟೆ ಲೋಟದ್ದೇ ಚಿಂತೆ! ಸೊಸೆ ಗೋಡೆಯ ಕಡೆ ತಿರುಗಿ ನಿಂತಳು. ತಿರುಗಿ ನೋಡುವಷ್ಟರಲ್ಲಿ ಮತ್ತಿನ ಮದ್ದು ಅತ್ತೆಯ ಕಣ್ಣು ಮುಚ್ಚಿಸಿತ್ತು.

ನಳಿಕೆ ಇಳಿಯಿತು. ಯಂತ್ರ ಅವರ ಎದೆಯನ್ನು ಏರಿಸಿ ಇಳಿಸತೊಡಗಿತು. ಎಲ್ಲರೂ ಸರಿದ ಮೇಲೆ ಅವಳು ಗ್ಲೌಸ್ ಕಳಚಿ, ಅಂಜುತ್ತಲೇ, ಅತ್ತೆಯ ಕೈ ಹಿಡಿದಳು. ಅದು ಹಿಂದೆ ಸರಿಯಲಿಲ್ಲ. ಬೆರಳಿನ ಮೇಲೆ ಆ ಹಳೆಯ ಗಾಯದ ಗೆರೆ ಹಾಗೇ ಇತ್ತು.

ಡಾಕ್ಟರು ಬಂದು ಪಕ್ಕದಲ್ಲಿ ನಿಂತರು.

"ನಿಮಗೆ ಹೇಳೋಕೆ ಆಗ ತಲೆಯಾಡಿಸಿ ಒಪ್ಪಿದ್ರು ಸಿಸ್ಟರ್. ನಿಮ್ಮ ಮದುವೆಗೂ ಮುಂಚಿನಿಂದ ಅವರು ನಮ್ಮ ಕೆಳಗಿನ ಕ್ಲಿನಿಕ್ಕಿಗೆ ಬಂದು ಎಚ್‌ಐವಿ ಮಾತ್ರೆ ತಗೊಂಡು ಹೋಗ್ತಿದ್ರು. ನೀವು ಇಲ್ಲಿ ಡ್ಯೂಟಿಗೆ ಸೇರಿದ ತಿಂಗಳಿಂದ ಬರೋದನ್ನೇ ನಿಲ್ಲಿಸಿದ್ರು."